ಮಡ್‌ಗಾರ್ಡಿನ ಮೇಲೆ ಅತ್ತೆಯ ಬುತ್ತಿ

ನಮ್ಮ ಟ್ರ್ಯಾಕ್ಟರಿನ ಮೇಲೆ ಕೂರುವುದು ಒಬ್ಬರೇ, ಓಡಿಸುವವರು. ಅಂದರೆ ನಾನು. ಭಾನುವಳ್ಳಿಯಲ್ಲಿ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ, ಕೆಲವರು ಮೂತಿ ತಿರುವಿ ಹೇಳುತ್ತಾರೆ. ತಿರುವಲಿ. ನನಗೆ ಅದರಲ್ಲಿ ಹೆಮ್ಮೆಯೇ ಇದೆ.

ಗಂಡನಿಗೆ ಸೊಂಟ ನೋವು ಜಾಸ್ತಿಯಾಗಿ, ಟ್ರ್ಯಾಕ್ಟರ್ ಹತ್ತಲೇಬಾರದು ಎಂದು ಹರಿಹರದ ಡಾಕ್ಟರು ಹೇಳಿದ ಮೇಲೆ ಸ್ಟೇರಿಂಗ್ ನನ್ನ ಕೈಗೆ ಬಂತು. ಓಡಿಸುವುದನ್ನು ಗಂಡನೇ ಕಲಿಸಿದರು. ಅದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಅತ್ತೆಯನ್ನು ಕೆಳಗಿಳಿಸುವುದು.

ನಮ್ಮ ಕಡೆ ಮಡ್‌ಗಾರ್ಡ್ ಅಂದರೆ ಮರ್ಯಾದೆಯ ಜಾಗ. ಮನೆಯವರು, ಬೀಗರು ಡ್ರೈವರಿನ ಪಕ್ಕ, ಹಿಂದಿನ ದೊಡ್ಡ ಗಾಲಿಯ ಮೇಲಿನ ಆ ತಗಡಿನ ಮೇಲೆಯೇ ಕೂರಬೇಕು. ಮಾವನ ಕಾಲದಿಂದಲೂ ಅತ್ತೆ ಎಡಗಡೆಯ ಮಡ್‌ಗಾರ್ಡಿನ ಮೇಲೆ ಕೂತು, ತೊಡೆಯ ಮೇಲೆ ಬುತ್ತಿ ಗಂಟು ಇಟ್ಟುಕೊಂಡು ಗದ್ದೆಗೆ ಹೋದವರು. ಕಾಲಿಗೆ ಕೆಸರಾದೀತೆಂದು ಬದು ದಾಟುವಾಗಲೂ ಇಳಿಯುತ್ತಿರಲಿಲ್ಲ.

ನಾನು ಓಡಿಸತೊಡಗಿದ ಮೇಲೆ ನನ್ನ ಕಣ್ಣಿಗೆ ಬಿದ್ದದ್ದೇ ಬೇರೆ. ಅವರ ಸೆರಗಿಗೂ ತಿರುಗುವ ಗಾಲಿಗೂ ಗೇಣಷ್ಟು ಅಂತರ. ಹಿಡಿದುಕೊಳ್ಳಲು ನನ್ನ ಭುಜ ಬಿಟ್ಟರೆ ಏನೂ ಇಲ್ಲ. ಒಂದೊಂದು ತಗ್ಗು ಬಂದಾಗಲೂ ಜೀವ ಬಾಯಿಗೆ ಬರುತ್ತಿತ್ತು. ಒಂದು ಬೆಳಿಗ್ಗೆ ಹೇಳಿಯೇಬಿಟ್ಟೆ.

"ಅತ್ತಿ, ಇನ್ಮ್ಯಾಲೆ ಹತ್ತಬ್ಯಾಡ್ರಿ. ಗದ್ದೆ ಇಲ್ಲೇ ಐತೆ, ನಡ್ಕಂಡು ಬರ್ರಿ."

"ಯಾಕ, ನಾನು ಭಾರ ಆದ್ನಾ ನಿನಗೆ?"

"ಭಾರ ಅಲ್ರಿ, ಬಿದ್ರೆ ಹೆಂಗೆ?"

"ನಿಮ್ಮ ಮಾವನ ಕಾಲದಾಗ ಬೀಳದಾಕಿ ನಿನ್ನ ಕಾಲದಾಗ ಬೀಳ್ತೀನಾ?"

ನಾನು ಗಾಡಿ ಚಾಲೂ ಮಾಡಲಿಲ್ಲ. ಅವರು ಇಳಿಯಲಿಲ್ಲ. ಇಬ್ಬರೂ ಹಟಮಾರಿಗಳೇ. ಕೊನೆಗೆ ಇಳಿದರು, ಆದರೆ ಬುತ್ತಿಯ ಸ್ಟೀಲ್ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಮಡ್‌ಗಾರ್ಡಿನ ಮೇಲೆ ಇಟ್ಟರು. "ನಾನು ಬ್ಯಾಡಂದ್ರೆ ನನ್ನ ಬುತ್ತಿನಾದ್ರೂ ಕೂತ್ಕಳ್ಳಿ. ಸೀಟು ನಂದೈತೆ," ಎಂದರು. ರೊಟ್ಟಿಗೆ ಜೀವವಿಲ್ಲವಲ್ಲ ಎಂದುಕೊಂಡು ಗಾಡಿ ಚಾಲೂ ಮಾಡಿದೆ.

ಅಂದಿನಿಂದ ದಿನವೂ ಡಬ್ಬಿ ಗಾಡಿಯ ಮೇಲೆ, ಅತ್ತೆ ಕಾಲುವೆ ಏರಿಯ ಮೇಲೆ ನಡಿಗೆಯಲ್ಲಿ. ನನ್ನ ಜೊತೆ ಮಾತು ಬಂದ್. ಸೊಸೆ ಅತ್ತೆಯನ್ನು ನಡೆಸಿ ತಾನು ಗಾಡಿಯಲ್ಲಿ ಹೋಗುತ್ತಾಳೆ ಎಂದು ನಾಟಿಗೆ ಬಂದ ಹೆಂಗಸರು ಆಡಿಕೊಂಡರು. ಕೇಳಿ ಮೈಯೆಲ್ಲ ಉರಿಯಿತು. ಆದರೂ ನಾನು ಬಗ್ಗಲಿಲ್ಲ.

ಒಂದು ಮಧ್ಯಾಹ್ನ ಮೇಲಿನ ಗದ್ದೆಯನ್ನು ಕೆಸರು ಮಾಡಲು ಹೊರಟಿದ್ದೆ. ಕೆಸರಿನಲ್ಲಿ ಹೂಳದಿರಲೆಂದು ಟಯರಿನ ಪಕ್ಕಕ್ಕೆ ಕಬ್ಬಿಣದ ಗಾಲಿ ಹಾಕಿದ್ದೆ. ಕೆಸರಿನಿಂದ ಬದು ಹತ್ತುವಾಗ ಗಾಡಿಯ ಮೂತಿ ಮೇಲೆದ್ದು ಮಗುಚದಿರಲಿ ಎಂದು ನಾನು ಯಾವಾಗಲೂ ರಿವರ್ಸಿನಲ್ಲೇ ಹತ್ತಿಸುತ್ತೇನೆ. ಬದುವಿನ ಮೇಲಿದ್ದ ಗಂಡಸರೊಬ್ಬರು, "ಅಕ್ಕಾರು ಹಿಂದಕ್ಕ ಹೊಂಟಾರೆ ನೋಡ್ರಪ್ಪ," ಎಂದು ನಕ್ಕರು. ಅತ್ತೆ ಅಲ್ಲೇ ನಾಟಿಯವರ ನಡುವೆ ನಿಂತು ನೋಡುತ್ತಿದ್ದರು.

ಎಡಗಾಲಿ ಬದುವಿಗೆ ಏರುತ್ತಿದ್ದಂತೆ ಹಸಿಮಣ್ಣು ಕುಸಿಯಿತು. ಗಾಡಿ ಎಡಕ್ಕೆ ವಾಲಿತು. ಅತ್ತೆಯ ಬುತ್ತಿ ಜಾರಿ ಗಾಲಿಯ ಕೆಳಗೆ ಹೋಯಿತು. ಕ್ಲಚ್, ಬ್ರೇಕ್ ಎರಡನ್ನೂ ಒತ್ತಿ ಇಂಜಿನ್ ಆರಿಸಿದೆ. ಗಾಡಿ ಮಗುಚದೆ ನಿಂತಿತು. ಅಷ್ಟರೊಳಗೆ ಗಾಲಿ ಡಬ್ಬಿಯ ಮೇಲೆ ಹತ್ತಿ ಇಳಿದಾಗಿತ್ತು.

ಅತ್ತೆ ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದದ ಕೆಸರಿಗೆ ಇಳಿದು ಬಂದರು. ಡಬ್ಬಿಯನ್ನು ಎಳೆದು ತೆಗೆದರು. ಅದು ತಟ್ಟೆಯ ಹಾಗೆ ಚಪ್ಪಟೆಯಾಗಿತ್ತು. ಬಹಳ ಹೊತ್ತು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಮುಖ ನೋಡಿ, "ಊಟಕ್ಕೆ ಏನ್ ಮಾಡಾನ ಈಗ?" ಎಂದರು. ಅಷ್ಟು ದಿನಗಳ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಸುಗ್ಗಿಯ ಹೊತ್ತಿಗೆ ಅತ್ತೆಯ ಅಳಿಯ ಬಂದರು. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಗದ್ದೆ ನೋಡಬೇಕು ಎನ್ನುತ್ತ ಇಸ್ತ್ರಿ ಮಾಡಿದ ಅಂಗಿಯಲ್ಲೇ ಮಡ್‌ಗಾರ್ಡಿನ ಮೇಲೆ ಕೂರಲು ಕಾಲೆತ್ತಿದರು. ಮನೆಯ ಅಳಿಯನಿಗೆ ಬೇಡ ಅನ್ನುವುದು ಹೇಗೆ?

ಅಷ್ಟರಲ್ಲಿ ಅತ್ತೆ ಒಳಗಿನಿಂದ ಆ ಚಪ್ಪಟೆ ಡಬ್ಬಿ ಮತ್ತು ಒಂದು ತಂತಿ ಹಿಡಿದು ಬಂದರು. ಅಳಿಯನನ್ನು ಪಕ್ಕಕ್ಕೆ ಸರಿಸಿ, ಡಬ್ಬಿಯನ್ನು ಮಡ್‌ಗಾರ್ಡಿನ ಮೇಲೆ ಇಟ್ಟು ತಂತಿಯಿಂದ ಬಿಗಿಯತೊಡಗಿದರು.

"ಇದು ನನ್ನ ಸೀಟ್ರಿ," ಎಂದರು. "ಅವತ್ತು ಕೂತಿದ್ರೆ ನಾನು ಹೆಂಗಾಗ್ತಿದ್ದೆ, ನೋಡ್ಕಳ್ರಿ."

ಅಳಿಯ ನಗುತ್ತ ನನ್ನ ಕಡೆ ತಿರುಗಿ, "ಏನಕ್ಕ, ಅಳಿಯನನ್ನೂ ನಡಸ್ತೀರಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಂತಿಯ ಕೊನೆಯ ಸುತ್ತು ಬಿಗಿದು ಹೇಳಿದರು: "ನಮ್ಮ ಸೊಸಿ ನನ್ನನ್ನೇ ಇಳಿಸ್ಯಾಳೆ. ನೀವ್ಯಾವ ಲೆಕ್ಕ? ನಡೀರಿ."