ಬಿಸ್ಕತ್ತಿನ ಡಬ್ಬಿಯ ಅಡುಗೆಮನೆ

ಕನ್ನಡಕ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಎದುರಿಗೆ ಸ್ಕ್ರೂ ಮಾಮ ಎನ್ನುತ್ತಿದ್ದರು, ಬೆನ್ನ ಹಿಂದೆ ಸ್ಕ್ರೂ ಲೂಸು. ಕಾರಣ ಇಲ್ಲದೆ ಇರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬೆಂಕಿಕಡ್ಡಿ, ಅಂಗಿಯ ಗುಂಡಿ, ಟೂತ್‌ಪೇಸ್ಟಿನ ಮುಚ್ಚಳ, ಮುರಿದ ಬಾಚಣಿಗೆಯ ಹಲ್ಲು ಗುಡ್ಡೆ ಹಾಕಿಕೊಂಡು ಈ ಐವತ್ತು ದಾಟಿದ ಮನುಷ್ಯ ಮೇಜು ಕುರ್ಚಿ ಮಾಡುತ್ತ ಕೂರುತ್ತಿದ್ದ. ಇರುವೆಗಳು ಬಂದು ಕೂರಬೇಕು, ಅಷ್ಟು ಚಿಕ್ಕವು.

ಹೆಂಡತಿಗೆ ಸಾಕುಸಾಕಾಗಿತ್ತು. “ರೀ, ಎಣ್ಣೆ ಬಾಟ್ಲಿ ಮುಚ್ಚಳ ಎಲ್ಲಿ? ನಿಮ್ಮ ಇರುವೆಗಳ ಮನೇಲಿ ಬಕೆಟ್ ಆಗೋಯ್ತಾ?” ಎನ್ನುತ್ತಿದ್ದಳು. ಅವನು ನಕ್ಕುಬಿಡುತ್ತಿದ್ದ.

ಆ ನಗು ನಿಂತದ್ದು ಅಮ್ಮ ಅವನನ್ನು ಮರೆತ ಮೇಲೆ. ವಯಸ್ಸಾದ ಜೀವಕ್ಕೆ ಒಂದೊಂದೇ ಮರೆಯುತ್ತ ಬಂದು, ಒಂದು ಬೆಳಿಗ್ಗೆ ಚಹಾ ತಂದುಕೊಟ್ಟ ಮಗನನ್ನೇ ನೋಡಿ, “ಕನ್ನಡಕದವರಾ? ಬನ್ನಿ, ಕೂತ್ಕೊಳ್ಳಿ” ಎಂದಳು. ಹುಟ್ಟಿದಾಗಿನಿಂದ ಏನೋ, ಬಾರೋ, ಹಾಳಾದವನೇ ಎಂದೇ ಕರೆಸಿಕೊಂಡವನು ಅವನು. ಈಗ ಹೆತ್ತವಳ ಬಾಯಲ್ಲಿ ಬಹುವಚನ. ಬೈದರೆ ತಿರುಗಿ ಬೈಯಬಹುದು, ಮರ್ಯಾದೆ ಕೊಟ್ಟರೆ ಏನು ಮಾಡುವುದು? ಇನ್ನೊಂದು ಸಲ ಅವಳು ಬಾಯಿ ತುಂಬ ‘ಬಾರೋ’ ಎಂದರೆ ಸಾಕು, ಬೇರೇನೂ ಬೇಡ ಎಂದು ಅವನ ಜೀವ ಹಪಹಪಿಸಿತು.

ಆಗ ಹೊಳೆದದ್ದು ಹಳೆಯ ಬಾಡಿಗೆ ಮನೆಯ ಅಡುಗೆಮನೆ. ಅವನು ಬೆಳೆದದ್ದು ಅಲ್ಲೇ, ಅವಳು ಸವೆದದ್ದೂ ಅಲ್ಲೇ. ಬಿಸ್ಕತ್ತಿನ ಡಬ್ಬಿಯೊಳಗೆ ಅದನ್ನೇ ಕಟ್ಟತೊಡಗಿದ. ಮಾತ್ರೆಯ ಹಾಳೆಯಿಂದ ತಟ್ಟೆಗಳಾದವು. ಸೇಫ್ಟಿ ಪಿನ್ನು ಬಗ್ಗಿ ಸೌಟಾಯಿತು. ಕನ್ನಡಕದ ಸ್ಕ್ರೂ ನಲ್ಲಿಗೆ ತಿರುಪಾಯಿತು. ಗೋಡೆಯ ಹೊಗೆಗೆ ಮೇಣದಬತ್ತಿಯ ಮಸಿ ಬಳಿದ.

ತಂದು ಮಡಿಲಲ್ಲಿಟ್ಟಾಗ ಅಮ್ಮ ತುಂಬ ಹೊತ್ತು ನೋಡಿದಳು. ಆಮೇಲೆ ಪುಟ್ಟ ಬಾಗಿಲನ್ನು ಬೆರಳಿನಿಂದ ಸರಿಸಿ ಹಿಂದೆ ತಡಕಿದಳು.

“ನನ್ನ ಮಣೆ ಎಲ್ಲಿ?”

“ಯಾವ ಮಣೆ ಅಮ್ಮ?”

“ಬಾಗಿಲ ಹಿಂದೆ ಇತ್ತಲ್ಲ. ಎಲ್ರದ್ದೂ ಊಟ ಆದ್ಮೇಲೆ ನಾನು ಅಲ್ಲೇ ಕೂತ್ಕೊಳ್ಳೋದು. ಪಾತ್ರೆ ತಳ ಕೆರ್ಕೊಂಡು ತಿನ್ನೋದು ಯಾರಿಗೂ ಕಾಣ್ಬಾರ್ದು ಅಂತ.”

ಆ ಮಣೆಯ ಸುದ್ದಿಯೇ ಅವನಿಗೆ ಗೊತ್ತಿರಲಿಲ್ಲ. ಹೊಟ್ಟೆ ತುಂಬಿಸಿಕೊಂಡು ಆಟಕ್ಕೆ ಓಡುತ್ತಿದ್ದವನು ಬಾಗಿಲ ಹಿಂದೆ ಯಾಕೆ ನೋಡಿಯಾನು? ಐಸ್‌ಕ್ರೀಮಿನ ಕಡ್ಡಿ ಕತ್ತರಿಸಿ, ಉಜ್ಜಿ, ಮಣೆ ಮಾಡಲು ಕೂತ. ಕೂದಲೆಳೆಯಂಥ ಸ್ಕ್ರೂ ಕೂರಿಸುವ ಕೈಯಲ್ಲೇ ಅವತ್ತು ಒಂದು ಕಡ್ಡಿ ಕೆಟ್ಟು ಇನ್ನೊಂದು ಹುಡುಕಬೇಕಾಯಿತು.

ಮಣೆ ಕಂಡದ್ದೇ ಅಮ್ಮನ ಮುಖ ಅರಳಿತು. ಪಾತ್ರೆಗಳನ್ನು ಉಗುರಿನ ತುದಿಯಿಂದ ಸರಿಸಿ ಅವುಗಳ ಜಾಗಕ್ಕಿಟ್ಟಳು. ಡಬ್ಬಿಯೊಳಗಿನ ಪುಟ್ಟ ಒಲೆಯ ಮುಂದೆ ಬಗ್ಗಿ ಉಫ್ ಎಂದು ಊದಿದಳು. ಬಂದಳು, ಅಮ್ಮ ವಾಪಸು ಬಂದಳು ಎಂದುಕೊಂಡು ಅವನು ಅವಳ ಬಾಯನ್ನೇ ನೋಡುತ್ತ ಕೂತ.

ಅವಳು ತಲೆಯೆತ್ತಿ ಸಂಕೋಚದಿಂದ ಹೇಳಿದಳು. “ತಪ್ಪು ತಿಳ್ಕೋಬೇಡಿ. ನನ್ನ ಮಗ ಸ್ಕೂಲಿಂದ ಬರೋ ಹೊತ್ತು. ಹೊಸಬ್ರಿದ್ರೆ ನಾಚ್ಕೊಂಡು ಊಟಾನೇ ಮಾಡಲ್ಲ ಅವನು. ನೀವು ಸ್ವಲ್ಪ ಹೊರಗಿರ್ತೀರಾ?”

“ಆಯ್ತು” ಎಂದು ಅವನು ಎದ್ದು ಹೋಗಿ ಹೊರಗಿನ ಮೆಟ್ಟಿಲ ಮೇಲೆ ನಿಂತ. ತರಕಾರಿ ಚೀಲ ಹಿಡಿದು ಬಂದ ಹೆಂಡತಿ, “ಯಾಕ್ರೀ ಇಲ್ಲಿ ನಿಂತಿದೀರಾ?” ಎಂದು ಕೇಳುವಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ ಬಂತು.

“ಬಂದ್ಯೇನೋ? ಬಾರೋ, ಎಷ್ಟ್ ಹೊತ್ತೋ ನಿಂಗೆ. ಕೈ ತೊಳ್ಕೊಂಡು ಬಾ, ತಣ್ಣಗಾಗುತ್ತೆ.”

ಹೆಂಡತಿಯ ಕಣ್ಣು ಅರಳಿತು. “ಕರೀತಿದಾರೆ ಕೇಳುಸ್ತಾ? ಹೋಗ್ರೀ ಒಳಗೆ” ಎಂದು ಅವನ ಬೆನ್ನು ದೂಡಿದಳು.

ಅವನು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ.

“ಬೇಡ ಕಣೇ” ಎಂದ. “ನಾನು ಹೋದ್ರೆ ಅವನು ಊಟ ಬಿಟ್ಟು ಎದ್ಬಿಡ್ತಾನೆ.”