ಗೋದಾಬಾಯಿಯವರ ಹದ್ದು

ಪ್ರತಿಮೆಯೆಂದರೆ ಒಂದೋ ದೇವರು, ಇಲ್ಲವೇ ಮುಖಂಡರು ಎಂದುಕೊಂಡಿದ್ದ ಸೇಲಂ, ಧರ್ಮಪುರಿ ಸೀಮೆಗೆ ಮೂರನೆಯ ಬಗೆಯೊಂದನ್ನು ತೋರಿಸಿಕೊಟ್ಟವರು, ಈಗಷ್ಟೇ ನಿವೃತ್ತರಾದ ಚಿತ್ರಕಲಾ ಶಿಕ್ಷಕಿ ಶ್ರೀಮತಿ ಗೋದಾಬಾಯಿಯವರು. ಮಾರಂಡಹಳ್ಳಿಯ ಶಾಲೆಯಲ್ಲಿ ಎಡಗೈಯಲ್ಲಿ ಬರೆಯುವ ಮಕ್ಕಳಿಗೆ ಪೆಟ್ಟು ಬೀಳದಂತೆ ಕಾಯ್ದ ಈ ಮೆತ್ತನೆಯ ಮಾತಿನವರು, ಮೆಟ್ಟೂರಿಗೆ ವರ್ಗವಾಗಿ ಬಂದು ಮುತ್ತಮ್ಮನೆಂಬ ರೈತ ಹೆಂಗಸಿನ ಬಾಯಿಗೆ ಬಿದ್ದರು.

ಊರ ಹೊರಗಿನ ತಿರುವಿನ ಬಂಡೆಗೆ ಪ್ರಮೀಥಿಯಸ್‌ನ ಪ್ರತಿಮೆ ಮಾಡಿಕೊಡಿರೆಂದು ಅಲ್ಲಿನ ಸಮಿತಿಯೊಂದು ಅವರನ್ನು ಕೇಳಿಕೊಂಡಿತ್ತು. ದೇವತೆಗಳ ಬೆಂಕಿ ಕದ್ದು ಮನುಷ್ಯರಿಗೆ ಕೊಟ್ಟ ತಪ್ಪಿಗೆ ಬಂಡೆಗೆ ಬಿಗಿಸಿಕೊಂಡು, ದಿನವೂ ಹದ್ದಿನಿಂದ ಕುಕ್ಕಿಸಿಕೊಂಡ ಗ್ರೀಕ್ ಪುರಾಣದವನು. ಅಣೆಕಟ್ಟಿನಿಂದ ಕರೆಂಟು ಹುಟ್ಟುವ ಊರಿಗೆ ತಕ್ಕವನೇ. ಆ ಬಂಡೆಗೆ ಅಂಟಿಕೊಂಡೇ ಮುತ್ತಮ್ಮನ ರಾಗಿ ಹೊಲ. ಗಂಡ ಹೋದ ಮೇಲೆ ಆಕೆಗೆ ಉಳಿದದ್ದು ಅದೊಂದೇ.

"ಏನಮ್ಮ ಮಾಡ್ತೀರ ಇಲ್ಲಿ?" ಎಂದು ಆಕೆ ಕೇಳಿದಾಗ, ಕನ್ನಡ ಮನೆಮಾತಿನವರು ಸಿಕ್ಕ ಸಂತೋಷಕ್ಕೆ ಗೋದಾಬಾಯಿಯವರು ತಮಿಳು ಬಿಟ್ಟು, "ಇಲ್ಲೊಂದು ಹದ್ದು ಇಡ್ತೀವಿ, ನಿಮ್ಮ ಹೊಲದ ಮೇಲೆ ಸ್ವಲ್ಪ ಚಾಚಿರತ್ತೆ" ಎಂದರು. ಅವರು ಹೇಳಿದ್ದು ಹಕ್ಕಿಯ ರೆಕ್ಕೆಯ ಮಾತು. ಮುತ್ತಮ್ಮನಿಗೆ ಹದ್ದು ಎಂದರೆ ಹೊಲದ ಗಡಿ. ಹಕ್ಕಿಯನ್ನು ಆಕೆ ತಮಿಳಿನಲ್ಲಿ ಕಳುಗು ಎನ್ನುವವಳು.

ಅಂದಿನಿಂದ ಆಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಟೀಚರಮ್ಮ ನಕ್ಕರೆ ಅನುಮಾನ, ಕಾಫಿ ಕೊಟ್ಟರೆ ಇನ್ನಷ್ಟು ಅನುಮಾನ. ಪ್ರಮೀಥಿಯಸ್‌ನನ್ನು ಬಿಗಿಯುವ ಸರಪಳಿ ಇಳಿಸಿದ ದಿನ, ನೆಲ ಅಳೆಯುವ ಸರ್ವೆ ಚೈನೇ ಬಂತೆಂದು ಬದುವಿನ ಮೇಲೆ ಅಡ್ಡ ಮಲಗಿಬಿಟ್ಟಳು. "ಎಳೀರಿ, ನನ್ ಮೇಲೇ ಎಳೀರಿ ಚೈನ."

ಮರುದಿನ ವ್ಯಾನಿನಿಂದ ಕಬ್ಬಿಣದ ಹಕ್ಕಿ ಇಳಿಯಿತು. ಮುತ್ತಮ್ಮ ಅದರ ಸುತ್ತ ಒಂದು ಸುತ್ತು ಬಂದಳು.

"ಇದಾ ನಿನ್ನ ಅದ್ದು? ಕಳುಗು ಅಂದಿದ್ರೆ ಆಗ್ತಿರ್ಲಿಲ್ವಾ ತಾಯಿ?"

ಗೋದಾಬಾಯಿಯವರು ನಕ್ಕರು; ಆಕೆ ನಗಲಿಲ್ಲ. ನಗದಿದ್ದದ್ದೇ ಸರಿಯಾಯಿತು. ಪ್ರತಿಮೆ ಬಂಡೆಯ ಮೇಲೆ ನಿಂತು ಚೆಂದ ಕಂಡದ್ದೇ ತಡ, ಸುತ್ತ ತೋಟವಿರಲೆಂದು ಸಮಿತಿಯವರು ಮುತ್ತಮ್ಮನ ಹೊಲದೊಳಕ್ಕೇ ಗೂಟ ಹೊಡೆದರು. ಗೋದಾಬಾಯಿಯವರು ವಾದಕ್ಕಿಳಿಯಲಿಲ್ಲ. ಸ್ಪ್ಯಾನರು ಹಿಡಿದು ಬಂಡೆ ಹತ್ತಿ, "ಗೂಟ ಕೀಳದಿದ್ದರೆ ಪ್ರತಿಮೆ ನನ್ನ ಜೊತೆ ವಾಪಸು" ಎಂದು ಬೋಲ್ಟು ಬಿಚ್ಚತೊಡಗಿದರು. ಸಂಜೆಯೊಳಗೆ ಗೂಟಗಳು ಹೋದವು. ಅವರನ್ನು ನೆನೆದಾಗ ಎದೆಯುಬ್ಬುವುದು ಈ ಕಾರಣಕ್ಕೆ.

ಅವರ ಕೈಗೆ ಇನ್ನೂ ಬಹುಕಾಲ ಕೆಲಸವಿರಲಿ, ಕಸುವಿರಲಿ ಎಂದು ನಾವೆಲ್ಲ ಪುಸ್ತಕದ ಮಾತಿನಲ್ಲಿ ಹಾರೈಸುತ್ತೇವೆ. ಮುತ್ತಮ್ಮ ಮಾತ್ರ ಬೀಳ್ಕೊಡುಗೆಯ ದಿನ ಅವರ ಮುಂಗೈ ಹಿಡಿದು, ಸಮಿತಿಯವರು ಕುಳಿತ ಸಾಲನ್ನೇ ನೋಡುತ್ತ ಹೇಳಿದಳು:

"ನೂರು ವರ್ಸ ಇರಮ್ಮ. ನೀನು ಇರೋಗಂಟ ಇವ್ರು ನಮ್ಮೊಲಕ್ಕೆ ಬರಾಕಿಲ್ಲ."