ತೌಡು ಸುತ್ತಿದ ಜಾಗ

ಹೊಸ ತೌಡಿನ ವಾಸನೆ ಬಂದರೆ ಇವತ್ತಿಗೂ ನನ್ನ ತಲೆ ತಾನಾಗಿ ತಗ್ಗುತ್ತದೆ. ಅಕ್ಕಿ ಗಿರಣಿಯ ಮುಂದೆ ಹಾದುಹೋಗುವಾಗ ಬೆಚ್ಚಗಿನ, ಚೂರು ಸಿಹಿಯಾದ ಆ ಧೂಳು ಮೂಗಿಗೆ ತಾಗಿದರೆ ಸಾಕು, ಅಕ್ಕನ ಕೈ ಕಾಣುತ್ತದೆ, ಕೈಯಲ್ಲಿ ಮೊರ ಕಾಣುತ್ತದೆ. ನಾನು ಒಂದು ಮಾತು ಹೇಳಬೇಕಾಗಿತ್ತು. ‘ಇದನ್ನು ಕಂಡವಳು ನಮ್ಮಕ್ಕ’, ಇಷ್ಟೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಬಾಯಿಗೂ ಭಾರವಾಗದ ಮಾತು. ಅದನ್ನು ಹನ್ನೊಂದು ವರ್ಷ ಹೇಳದೆ ಉಳಿದೆ. ಆ ಮಾತು ನುಂಗಿಕೊಂಡೇ ನಾನು ಮೇಸ್ತ್ರಿಯಾದೆ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮೂರ ದೊಡ್ಡಕೆರೆ. ಏರಿಯ ತುದಿಯಲ್ಲಿ, ತೂಬಿನ ಪಕ್ಕದಲ್ಲಿ ನಮ್ಮದೊಂದೇ ಮನೆ. ಅಪ್ಪಯ್ಯ ಆ ಕೆರೆಯ ನೀರಗಂಟಿ. ತೂಬು ಎತ್ತಿ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವುದು ಅವನ ಕೆಲಸ. ಗಾಳಿ ಆ ಕಡೆಯಿಂದ ಬೀಸಿದರೆ ಭದ್ರಾವತಿಯ ಕಾರ್ಖಾನೆಯ ಸೈರನ್ ಕೇಳುತ್ತಿತ್ತು. ಅಪ್ಪಯ್ಯ ಅದನ್ನು ಕೇಳಿಯೇ ಏಳುತ್ತಿದ್ದ, ಎದ್ದವನು ಮುಖ ತೊಳೆಯುವ ಮೊದಲು ನೀರು ನೋಡಿ ಬರುತ್ತಿದ್ದ. ನಮ್ಮ ಗೋಡೆಗೆ, ಹಾಸಿಗೆಗೆ, ಅಮ್ಮನ ಸೆರಗಿಗೆ ಎಲ್ಲಕ್ಕೂ ಕೆರೆಯದೇ ವಾಸನೆ, ಅದರ ಮೇಲೆ ತೌಡಿನದು. ಅಮ್ಮ ಮತ್ತು ನನಗಿಂತ ನಾಲ್ಕು ವರ್ಷ ದೊಡ್ಡವಳಾದ ನಾಗಕ್ಕ ಊರವರ ಭತ್ತ ಕುಟ್ಟಿಕೊಡುತ್ತಿದ್ದರು. ಎರಡು ಒನಕೆಗಳು ಒಂದಾದ ಮೇಲೊಂದು ಬೀಳುವ ಆ ಸದ್ದಿಗೆ ನಾನು ಎಷ್ಟು ಒಗ್ಗಿದ್ದೆನೆಂದರೆ ಅದು ನಿಂತಾಗ ಎಚ್ಚರವಾಗುತ್ತಿತ್ತು.

ಬೇಸಿಗೆಯ ಕೊನೆಗೆ ನೀರು ಮೊಣಕಾಲಿಗೆ ಇಳಿದಾಗ ಹಿರಿಯರು ಒಂದು ದಿನ ಗೊತ್ತುಮಾಡುತ್ತಿದ್ದರು. ಕೆರೆಬೇಟೆಯ ದಿನ. ಆವತ್ತು ಕೆರೆ ಯಾರೊಬ್ಬರದ್ದೂ ಅಲ್ಲ, ಬಂದವರೆಲ್ಲರದ್ದು. ಸುತ್ತಿನ ಹತ್ತೂರ ಗಂಡಸರು ಕೂಣಿ ಹೊತ್ತು ಏರಿಯುದ್ದಕ್ಕೂ ಸಾಲಾಗಿ ನಿಲ್ಲುತ್ತಿದ್ದರು. ಕೂಣಿ ಎಂದರೆ ಕೆಳಗೆ ಅಗಲ, ಮೇಲೆ ಸಣ್ಣ ಬಾಯಿ ಇರುವ, ತಳವಿಲ್ಲದ ಬಿದಿರ ಬುಟ್ಟಿ. ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈ ಹಾಕಿ ಒಳಗೆ ಸಿಕ್ಕ ಮೀನು ಎತ್ತಬೇಕು. ಊರಿಗೆ ಒಳ್ಳೆಯದು ಮಾಡಿದವನು ಮೊದಲ ಕೂಣಿ ಹಾಕಬೇಕು, ಆಮೇಲೆ ಉಳಿದವರು. ಹೆಂಗಸರು ಏರಿಯ ಮೇಲೆ ಬುಟ್ಟಿ ಹಿಡಿದು ನಿಂತು, ಬರಿಗೈಲಿ ಎದ್ದವರನ್ನು ಗೇಲಿ ಮಾಡುತ್ತಿದ್ದರು.

ನನಗೆ ಹತ್ತು ವರ್ಷವಾದಾಗ ಆ ಬೇಟೆ ನಿಂತುಹೋಯಿತು. ದೀಪಾವಳಿಗೆ ತುಂಬಿ ನಿಂತ ಕೆರೆ ಶಿವರಾತ್ರಿಯ ಹೊತ್ತಿಗೆ ಬಿರುಕು ಬಿಟ್ಟ ನೆಲ. ಏರಿಯ ಹೊರಮೈ ಒಂದು ಕಡೆ ಸದಾ ಒದ್ದೆ. ಊರವರು ಅಪ್ಪಯ್ಯನನ್ನೇ ಅಂದರು: ‘ನೀರಗಂಟಿಗೆ ತೂಬು ಮುಚ್ಚೋಕೇ ಬರಲ್ಲ.’ ಅಪ್ಪಯ್ಯ ನೆಲ ನೋಡಿಕೊಂಡು ನಡೆಯತೊಡಗಿದ. ಊಟವೂ ಕಡಿಮೆಯಾಯಿತು. ಮೂರನೇ ವರ್ಷ ಶಿವಮೊಗ್ಗದಿಂದ ಓವರ್‌ಸಿಯರ್ ಒಬ್ಬರು ಸೈಕಲ್ಲಿನಲ್ಲಿ ಬಂದರು. ಈ ಚಳಿಗಾಲದಲ್ಲಿ ಸೋರಿಕೆ ನಿಲ್ಲದಿದ್ದರೆ ಕೆರೆಯನ್ನು ಕೈಬಿಡುವುದು ಮೇಲೆಂದು ಬರೆಯುತ್ತೇನೆ ಎಂದರು. ಕೆರೆ ಹೋದರೆ ಗದ್ದೆ ಹೋಯಿತು, ನೀರಗಂಟಿಯೂ ಹೋದ.

ಕೆಲಸ ಶುರುವಾಯಿತು. ಮನೆಗೊಂದು ಆಳು. ಒದ್ದೆ ಕಂಡ ಜಾಗಕ್ಕೆ ಹೊರಗಿನಿಂದ ಮಣ್ಣು ಸುರಿದು ದಮ್ಮಸ್ಸು ಹಾಕಿದರು. ಎರಡು ದಿನಕ್ಕೆ ಅದರ ಪಕ್ಕದಲ್ಲೇ ಮತ್ತೆ ಜಿನುಗಿತು. ಮತ್ತೆ ಸುರಿದರು, ಮತ್ತೆ ಜಿನುಗಿತು. ಮೊರ ತೊಳೆಯಲು ಕೆರೆಗೆ ಇಳಿದಿದ್ದ ನಾಗಕ್ಕ ಒಂದು ಬೆಳಿಗ್ಗೆ ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿಯ ಹತ್ತಿರ ಹೋಗಿ, ‘ಮಾವ, ನೀರು ಒಳಗೆ ಹೋಗೋದು ಇಲ್ಲಲ್ಲ. ತೌಡು ಹಾಕಿ ನೋಡಿ, ಗೊತ್ತಾಗುತ್ತೆ’ ಅಂದಳು. ಮೇಸ್ತ್ರಿ ಬಾಯಿಂದ ಬೀಡಿ ತೆಗೆದು ನಕ್ಕ. ‘ತೌಡು ಎಮ್ಮೆಗೆ ಹಾಕು ಮಾರಾಯ್ತಿ, ಹಾಲಾದ್ರೂ ಕೊಡುತ್ತೆ.’ ಮಣ್ಣು ಹೊರುತ್ತಿದ್ದವರೆಲ್ಲ ನಕ್ಕರು. ಅವರ ಜೊತೆ ನಾನೂ ನಕ್ಕೆ.

ಮರುದಿನ ಗಾಳಿ ಏಳುವ ಮೊದಲು ಅಕ್ಕ ನನ್ನನ್ನು ಎಬ್ಬಿಸಿ ಕರೆದುಕೊಂಡು ಹೋದಳು. ನೀರು ಕನ್ನಡಿಯ ಹಾಗಿತ್ತು. ಅವಳು ಮೊರದಿಂದ ಹಿಡಿ ಹಿಡಿ ತೌಡು ತೆಗೆದು ಏರಿಯ ಒಳಮೈಗುಂಟ ಎರಚುತ್ತಾ ಹೋದಳು. ಎಲ್ಲ ಕಡೆ ತೌಡು ಸುಮ್ಮನೆ ತೇಲಿತು. ಹಳೇ ನೇರಳೆಮರದ ಬೊಡ್ಡೆಯ ಹತ್ತಿರ ಮಾತ್ರ ಮೆಲ್ಲಗೆ ತಿರುಗಿತು, ಇನ್ನೊಂದು ಸುತ್ತು ಬಂತು, ಬಟ್ಟಲಗಲಕ್ಕೆ ಕೂಡಿಕೊಂಡು ಒಳಗೆ ಇಳಿದುಹೋಯಿತು. ಒದ್ದೆ ಇದ್ದ ಜಾಗಕ್ಕೂ ಅದಕ್ಕೂ ನಲವತ್ತು ಹೆಜ್ಜೆ. ಬೇರು ಏರಿಯನ್ನು ಸೀಳುತ್ತದೆಂದು ಹೆದರಿ ಊರವರೇ ಆ ಮರ ಕಡಿಸಿದ್ದರು. ಸತ್ತ ಬೇರು ಮಣ್ಣೊಳಗೆ ಕೊಳೆತು ನೀರಿಗೆ ದಾರಿ ಮಾಡಿಕೊಟ್ಟಿತ್ತು.

‘ಓವರ್‌ಸಿಯರ್ ಬಂದಾಗ ನೀನು ಹೇಳು’ ಅಂದಳು ಅಕ್ಕ. ‘ನಾನು ಮತ್ತೆ ಹೋದ್ರೆ ಮತ್ತೆ ಎಮ್ಮೆ ಕಥೆ ಹೇಳ್ತಾರೆ. ಆದ್ರೆ ನಮ್ಮಕ್ಕ ಕಂಡಿದ್ದು ಅಂತ ಹೇಳ್ಬೇಕು. ಹೇಳ್ತೀಯಲ್ಲ?’

‘ಹೇಳ್ತೀನಿ ಬಿಡೇ’ ಅಂದೆ.

ಓವರ್‌ಸಿಯರ್ ಮುಂದೆ ನಾನು ತೌಡು ಎರಚಿದೆ. ಅದು ಸುತ್ತಿ ಇಳಿಯಿತು. ಅವರು ಟೋಪಿ ತೆಗೆದು ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಮೇಸ್ತ್ರಿಯ ಬೀಡಿ ಆರಿಹೋಗಿತ್ತು. ‘ಯಾರೋ ಇದನ್ನ ಕಂಡಿದ್ದು?’ ಎಂದು ಓವರ್‌ಸಿಯರ್ ಕೇಳಿದಾಗ ಅಪ್ಪಯ್ಯ ನನ್ನನ್ನೇ ನೋಡುತ್ತಿದ್ದ. ಮೂರು ವರ್ಷದಿಂದ ನೆಲ ನೋಡಿಕೊಂಡಿದ್ದ ಕಣ್ಣು ಆವತ್ತು ಮೇಲೆದ್ದಿತ್ತು. ‘ನಾನೇ ಸಾರ್’ ಅಂದೆ. ಅಪ್ಪಯ್ಯನಿಗಾಗಿ ಅಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಮಗಳು ಕಂಡಳೆಂದರೂ ಆ ಕಣ್ಣು ಅಷ್ಟೇ ಏಳುತ್ತಿತ್ತು.

ಮುಂದಿನದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಅಂಥ ಕೆಲಸ ನಾನು ಆಮೇಲೆ ಎಲ್ಲೂ ನೋಡಲಿಲ್ಲ. ಬೊಡ್ಡೆಯ ಸುತ್ತ ಅರ್ಧಚಂದ್ರದ ಹಾಗೆ ಒಡ್ಡು ಹಾಕಿ ನೀರು ಮೊಗೆದು ಹಾಕಿದರು. ಅಗೆದರೆ ತೋಳು ಹೋಗುವಷ್ಟು ಬಿಲ. ಕೊಳೆತ ಬೇರನ್ನೆಲ್ಲ ಕಿತ್ತು, ಜೇಡಿಮಣ್ಣು ತಂದು, ಎಮ್ಮೆಗಳನ್ನು ಬಿಟ್ಟು ತುಳಿಸಿದರು. ಎಮ್ಮೆ ಹೋಗಲಾಗದ ಮೂಲೆಯನ್ನು ಹೆಂಗಸರು ಸಾಲಾಗಿ ಕೈ ಕೈ ಹಿಡಿದು ತುಳಿದರು. ಆ ಸಾಲಿನಲ್ಲಿ ಮೊದಲನೆಯವಳು ನಾಗಕ್ಕ, ಮೊಣಕಾಲವರೆಗೆ ಕೆಸರು. ಒಳಮೈಗೆ ಹೊಸದಾಗಿ ಕಲ್ಲು ಕಟ್ಟಿದರು, ಕೋಡಿಯನ್ನೂ ರಿಪೇರಿ ಮಾಡಿದರು. ಮಳೆಗಾಲ ಮುಗಿದು ಶಿವರಾತ್ರಿ ಬಂದರೂ ಕೆರೆಯಲ್ಲಿ ನೀರು ನಿಂತಿತ್ತು. ಮೀನಿನ ಮರಿಗಳನ್ನು ಮಡಕೆಗಳಲ್ಲಿ ಗಾಡಿಯ ಮೇಲೆ ತಂದರು. ಉಸಿರು ಕಟ್ಟಬಾರದೆಂದು ದಾರಿಯುದ್ದಕ್ಕೂ ನೀರನ್ನು ಕೈಯಲ್ಲಿ ಕದಡುತ್ತಾ ಬಂದವಳೂ ನಾಗಕ್ಕನೇ.

ಎರಡು ಬೇಸಿಗೆಯ ನಂತರ ಕೆರೆಬೇಟೆ ಮತ್ತೆ ಬಂತು. ಊರಗೌಡರು ಮೊದಲ ಕೂಣಿ ಹಾಕಲು ನನ್ನ ಹೆಸರು ಕೂಗಿದರು. ಆ ಕೂಣಿ ಹೆಣೆದವಳು ಅಕ್ಕ. ಅದನ್ನು ನನ್ನ ಹೆಗಲಿಗೆ ಏರಿಸಿ, ‘ಹೋಗು, ಕಾಯ್ತಿದಾರೆ’ ಎಂದಳು. ನನಗೆ ಮೊಳದುದ್ದದ ಬಾಳೆಮೀನು ಸಿಕ್ಕಿತು. ಏರಿ ತುಂಬ ಕೇಕೆ. ಮೊದಲ ಕೂಣಿ ಹಾಕಿದವನ ಎಲೆಗೆ ಮೀನಿನ ತಲೆ ಬಡಿಸಬೇಕು. ಮಧ್ಯಾಹ್ನ ಅಕ್ಕನೇ ಬಡಿಸಿದಳು. ಅಪ್ಪಯ್ಯ ಎರಡನೇ ಸಲ ಅನ್ನ ಹಾಕಿಸಿಕೊಂಡು, ‘ನನ್ನ ಮಗ ಕಣ್ರೀ ಕೆರೆ ಉಳಿಸಿದ್ದು’ ಎಂದು ಬಂದವರಿಗೆಲ್ಲ ಹೇಳಿದ. ನಾನು ಅಕ್ಕನ ಮುಖ ನೋಡಿದೆ. ಅವಳು ಅಪ್ಪಯ್ಯನ ಎಲೆ ನೋಡುತ್ತಿದ್ದಳು. ಅವನು ಉಣ್ಣುತ್ತಿದ್ದನಲ್ಲ, ಅದನ್ನು.

ಮುಂದೆ ಅದೇ ಓವರ್‌ಸಿಯರ್ ನನ್ನನ್ನು ಕೆರೆ ಕೆಲಸಗಳಿಗೆ ಕರೆದುಕೊಂಡರು. ಎಷ್ಟೋ ಹಳೇ ಏರಿಗಳ ಮೇಲೆ ನಾನು ತೌಡು ಎರಚಿದ್ದೇನೆ, ಬಿಲ ಹುಡುಕಿದ್ದೇನೆ, ನೀರು ನಿಲ್ಲಿಸಿದ್ದೇನೆ. ‘ತೌಡು ಮೇಸ್ತ್ರಿ’ ಎಂದು ಹೆಸರೇ ಬಿತ್ತು. ಒಂದೊಂದು ಹಿಡಿ ಎರಚುವಾಗಲೂ ಅದು ಅಕ್ಕನ ಕೈಯಿಂದ ಕದ್ದ ಹಿಡಿ ಅನ್ನಿಸುತ್ತಿತ್ತು. ಅಕ್ಕ ಮದುವೆಯಾಗಿ ಭದ್ರಾವತಿಗೆ ಹೋದಳು. ಅಪ್ಪಯ್ಯ ನನ್ನ ಹೆಮ್ಮೆಯಲ್ಲೇ ತೀರಿಕೊಂಡ. ನಿಜ ಅವನಿಗೆ ಗೊತ್ತಾಗಲೇ ಇಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಅಮ್ಮನೂ ಹೋದ ಮೇಲೆ ಏರಿ ಅಗಲ ಮಾಡಲು ಆ ಮನೆ ಕೆಡವಿದರು. ಒರಳುಕಲ್ಲೊಂದು ಬಹಳ ದಿನ ಮಣ್ಣಿನಲ್ಲಿ ಅರ್ಧ ಹೂತು ಬಿದ್ದಿತ್ತು; ಅದರ ಗುಳಿಯಲ್ಲಿ ಮಳೆನೀರು ನಿಂತು ಗುಬ್ಬಚ್ಚಿಗಳು ಕುಡಿಯುತ್ತಿದ್ದವು.

ಮನೆ ಕೆಡವಿದ ಮುಂದಿನ ಬೇಸಿಗೆ ಕೆರೆಬೇಟೆಗೆ ಅಕ್ಕ ಭದ್ರಾವತಿಯಿಂದ ಬಂದಿದ್ದಳು, ಬುಟ್ಟಿ ಹಿಡಿದು ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಗೌಡರು ಮತ್ತೆ ನನ್ನ ಹೆಸರನ್ನೇ ಕೂಗಿದರು. ನಾನು ಕೂಣಿ ಹೊತ್ತು ನೀರಿನ ಕಡೆ ಇಳಿಯಲಿಲ್ಲ, ಏರಿ ಹತ್ತಿದೆ. ಅಕ್ಕನ ಮುಂದೆ ಕೂಣಿ ಇಟ್ಟೆ. ಬೀಡಿ ಮೇಸ್ತ್ರಿ, ಈಗ ಹಲ್ಲಿಲ್ಲದ ಮುದುಕ, ‘ಏನೋ ಮಾರಾಯ, ಮೀನು ಕೆಳಗಿದಾವೆ!’ ಎಂದು ಕೂಗಿದ. ಜನ ನಕ್ಕರು. ಅಕ್ಕನ ಮುಖ ಕೆಂಪಾಯಿತು.

‘ಏನಿದು? ಹೆಂಗಸರು ಕೂಣಿ ಮುಟ್ತಾರೇನೋ? ಎಲ್ರೂ ನೋಡ್ತಿದಾರೆ, ಹೋಗು.’

‘ನೋಡ್ಲಿ ಅಂತಾನೇ ಬಂದಿದೀನಿ’ ಅಂದೆ. ಕೋಡಿಯ ತನಕ ಕೇಳಲಿ ಎಂದು ಕೂಗಿಯೇ ಹೇಳಿದೆ. ‘ಈ ಕೆರೆ ತೂತು ಕಂಡಿದ್ದು ನಾನಲ್ಲ, ನಮ್ಮ ನಾಗಕ್ಕ. ಹೇಳು ಅಂತ ಕಳ್ಸಿದ್ಲು, ನಾನು ನನ್ನ ಹೆಸರು ಹೇಳ್ದೆ. ಅಪ್ಪಯ್ಯಂಗೂ ಹೇಳ್ಲಿಲ್ಲ. ತಪ್ಪಾಯ್ತು ಅಕ್ಕ. ಮೊದಲ್ನೇ ಕೂಣಿ ನಿಂದು.’